ಫಾರಮ್ಮಿನ ಹನ್ನೆರಡನೆಯ ಕಾಲಂ



ಈ ಪಕ್ಷ ಅಂಚೆಯಲ್ಲಿ ಬಂದ ಕಾಗದಗಳಲ್ಲಿ ಒಂದನ್ನು ಎರಡು ದಿನ ಅಡುಗೆಮನೆಯ ಡಬ್ಬಿ ಸಾಲಿನ ಹಿಂದೆ ಸಿಕ್ಕಿಸಿಟ್ಟು, ಬಂದು ಹೋಗುವಾಗಲೆಲ್ಲ ತೆಗೆದು ಓದಿದೆ. ಬೈಂದೂರು ಕಡೆಯ ಒಬ್ಬ ತಾಯಿ ಬರೆದದ್ದು. ಹೆಸರು ಹಾಕಬೇಡಿ, ಊರಿನ ಹೆಸರೂ ಬೇಡ, ಬೈಂದೂರು ತಾಲೂಕು ಎಂದರೆ ಸಾಕು ಎಂದು ಮೂರು ಕಡೆ ಬರೆದು ಕೆಳಗೆ ಗೆರೆ ಎಳೆದಿದ್ದಾರೆ. ಅವರ ಒಪ್ಪಿಗೆ ಪಡೆದೇ ಕಾಗದವನ್ನು ಸ್ವಲ್ಪ ಚಿಕ್ಕದು ಮಾಡಿ ಇಲ್ಲಿ ಕೊಡುತ್ತಿದ್ದೇನೆ.

"ಅಕ್ಕನವರಿಗೆ ನಮಸ್ಕಾರಗಳು. ನಮ್ಮ ಮಾಣಿಗೆ ಈಗ 23 ವರ್ಷ. ಡಿಪ್ಲೊಮಾ ಮುಗಿಸಿ, ಪರೀಕ್ಷೆ ಪಾಸು ಮಾಡಿ, ಕೇಂದ್ರ ಸರಕಾರದ ಒಂದು ಸಂಸ್ಥೆಯಲ್ಲಿ ಟೆಕ್ನಿಷಿಯನ್ ಕೆಲಸಕ್ಕೆ ಆರಿಸಿ ಬಂದಿದ್ದಾನೆ. ಅದು ಭದ್ರತೆಯ ಜಾಗವಂತೆ. ಪೊಲೀಸ್ ವೆರಿಫಿಕೇಶನ್ ಆಗದೆ ಗೇಟಿನ ಒಳಗೆ ಬಿಡುವುದಿಲ್ಲವಂತೆ. ಈಗ ಒಂದು ಫಾರಂ ಬಂದಿದೆ. ಅದರ 12ನೆಯ ಕಾಲಂ ಓದಿದಾಗಿನಿಂದ ನನಗೆ ಊಟ ಸೇರುವುದಿಲ್ಲ.

"ಅವನಿಗೆ 19 ಇದ್ದಾಗ ಹಾಸ್ಟೆಲಿನಲ್ಲಿ ಗಲಾಟೆ ಮಾಡಿ ಒಬ್ಬ ಹುಡುಗನಿಗೆ ಹೊಡೆದ. ಕಾಲೇಜಿನಿಂದ ಆರು ತಿಂಗಳು ಹೊರಗೆ ಹಾಕಿದರು. ಅದೇ ವರ್ಷ ಗೆಳೆಯನ ರೂಮಿನಲ್ಲಿ ನಾಲ್ಕು ಜನ ಕೂತು ಗಾಂಜಾ ಸೇದುತ್ತಿದ್ದಾಗ ಪೊಲೀಸರು ಹಿಡಿದು, ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿಸಿ, ಕೇಸು ಹಾಕಿದರು. ಕೋರ್ಟಿನಲ್ಲಿ ತಪ್ಪು ಒಪ್ಪಿ ದಂಡ ಕಟ್ಟಿದ. ಇವರಿಗೆ ಇದೆಲ್ಲ ಇವತ್ತಿಗೂ ಗೊತ್ತಿಲ್ಲ. ಇವರು ಬೆಂಗಳೂರಿನಲ್ಲಿ ಹೋಟೆಲಿನಲ್ಲಿದ್ದಾರೆ, ಹಬ್ಬಕ್ಕೆ ಬಂದು ಹೋಗುವವರು. ನಾನೇ ಎರಡು ಬಳೆ ಸೊಸೈಟಿಯಲ್ಲಿ ಅಡವಿಟ್ಟು ವಕೀಲರಿಗೂ ದಂಡಕ್ಕೂ ಕೊಟ್ಟೆ. ಡೈರಿಗೆ ಹಾಲು ಹಾಕಿದ ದುಡ್ಡಿನಲ್ಲಿ ಎರಡು ವರ್ಷಕ್ಕೆ ಬಿಡಿಸಿಕೊಂಡೆ. ಆವತ್ತಿನಿಂದ ಮಾಣಿ ಸಿಗರೇಟು ಸಹ ಮುಟ್ಟಿಲ್ಲ, ದೇವರಾಣೆ. ಆ ನಾಲ್ವರಲ್ಲಿ ಒಬ್ಬ ಮಾತ್ರ ಈಗಲೂ ಆಗಾಗ ಮನೆಗೆ ಬಂದು ಐನೂರು ಸಾವಿರ ಕೈಗಡ ಕೇಳುತ್ತಾನೆ. ತಿರುಗಿ ಕೊಟ್ಟದ್ದಿಲ್ಲ. ಇಲ್ಲ ಎನ್ನಲು ನನಗೆ ಹೆದರಿಕೆ.

"ನನ್ನ ಅಣ್ಣ, ಅಂದರೆ ಮಾಣಿಯ ಮಾವ, 'ಎಲ್ಲದಕ್ಕೂ ಇಲ್ಲ ಅಂತ ಬರಿ, ದಂಡ ಕಟ್ಟಿ ಆಯ್ತಲ್ಲ, ಯಾರ್ ಕಾಂತ್ರ್?' ಎನ್ನುತ್ತಾನೆ. ಸ್ಟೇಶನ್ನಿನಲ್ಲಿ ಗುರುತಿನವರು ಇದ್ದಾರೆ ಎಂದೂ ಹೇಳುತ್ತಾನೆ. ಮಾಣಿ ಮಾತ್ರ ನಿಜ ಬರೆಯುತ್ತೇನೆ ಅಂತ ಕೂತಿದ್ದಾನೆ. ಹೇಳ್ಕಾ, ಬ್ಯಾಡ್ದಾ? ಹೇಳಿದರೆ ಕೆಲಸ ಹೋಗುತ್ತದೆ. ಹೇಳದಿದ್ದರೆ ನನ್ನ ನಿದ್ರೆ ಹೋಗುತ್ತದೆ. ಫಾರಂ ಕೊಡಲು ಇನ್ನು ಹತ್ತೇ ದಿನ."

ಹತ್ತು ದಿನದ ಗಡುವು ನಮ್ಮ ಪತ್ರಿಕೆಗಾಗಿ ಕಾಯುವುದಿಲ್ಲ. ಹಾಗಾಗಿ ಈ ತಾಯಿಗೆ ಆವತ್ತೇ ನೇರವಾಗಿ ಉತ್ತರ ಬರೆದು ಹಾಕಿದೆ. ಇಲ್ಲಿ ಬರೆಯುತ್ತಿರುವುದು ಇಂಥದೇ ಸಂಕಟದಲ್ಲಿ ಸುಮ್ಮನೆ ಕೂತಿರುವ ಬೇರೆ ತಾಯಂದಿರಿಗಾಗಿ. ಅಂಥವರು ಎಷ್ಟೋ ಮಂದಿ ಇದ್ದಾರೆಂದು ನನಗೆ ಗೊತ್ತು.

ನಾನು ಅವರಿಗೆ ಬರೆದದ್ದು ಅವರದೇ ಮಾತಿನಲ್ಲಿ: ಹೇಳ್ಕ್. ಮಾಣಿ ಸರಿ, ಮಾವ ತಪ್ಪು.

ಮೊದಲು ಆ ಫಾರಂ ಎಂಥದು ನೋಡೋಣ. ಅದಕ್ಕೆ ಅಟೆಸ್ಟೇಶನ್ ಫಾರಂ ಎನ್ನುತ್ತಾರೆ. ಕೇಂದ್ರ ಸರಕಾರದ ನೌಕರಿಗೆ ಆರಿಸಿ ಬಂದವರೆಲ್ಲ ತುಂಬಬೇಕು. ಹೆಸರು, ತಂದೆ ತಾಯಿ, ಕಳೆದ ಐದು ವರ್ಷ ಎಲ್ಲೆಲ್ಲಿ ವಾಸವಿದ್ದರು, ಓದಿದ್ದು ಎಲ್ಲಿ, ಗುರುತು ಹೇಳುವ ಇಬ್ಬರು ಜವಾಬ್ದಾರಿಯ ಜನ, ಹೀಗೆ ಸಾಗಿ, ಸಾಮಾನ್ಯವಾಗಿ ಹನ್ನೆರಡನೆಯ ಕಾಲಮ್ಮಿನಲ್ಲಿ ಒಂದೊಂದಾಗಿ ಕೇಳುತ್ತದೆ. ನೀವು ಎಂದಾದರೂ ದಸ್ತಗಿರಿ ಆಗಿದ್ದೀರಾ? ನಿಮ್ಮ ಮೇಲೆ ಮೊಕದ್ದಮೆ ನಡೆದಿದೆಯೇ? ಬಂಧನದಲ್ಲಿ ಇಟ್ಟಿದ್ದರೇ? ಮುಚ್ಚಳಿಕೆ ಬರೆಸಿಕೊಂಡಿದ್ದರೇ? ಕೋರ್ಟು ದಂಡ ಹಾಕಿದೆಯೇ? ಶಿಕ್ಷೆಯಾಗಿದೆಯೇ? ಪರೀಕ್ಷೆಗೆ ಕೂರದಂತೆ ತಡೆದಿದ್ದರೇ, ಕಾಲೇಜಿನಿಂದ ಹೊರಗೆ ಹಾಕಿದ್ದರೇ? ಈಗ ಯಾವುದಾದರೂ ಕೇಸು ನಡೆಯುತ್ತಿದೆಯೇ? ಒಂದೊಂದಕ್ಕೂ ಹೌದು ಅಥವಾ ಇಲ್ಲ ಎಂದು ಬರೆಯಬೇಕು. ಈ ಫಾರಮ್ಮಿನ ನೆತ್ತಿಯ ಮೇಲೆಯೇ ಒಂದು ಎಚ್ಚರಿಕೆ ಅಚ್ಚಾಗಿರುತ್ತದೆ: ಸುಳ್ಳು ಬರೆದರೆ, ಇದ್ದದ್ದನ್ನು ಮುಚ್ಚಿಟ್ಟರೆ, ಅದೇ ಅನರ್ಹತೆ. ಅಂದರೆ ಹಳೆಯ ತಪ್ಪಿಗಿಂತ ಬೇರೆಯಾಗಿ, ಮುಚ್ಚಿಟ್ಟದ್ದೇ ಒಂದು ಹೊಸ ತಪ್ಪು. ನಾವು ಕಾಲಂ ನೋಡಿ ಗಾಬರಿಯಾಗುತ್ತೇವೆ, ನೆತ್ತಿಯ ಮೇಲಿನ ಆ ನಾಲ್ಕು ಸಾಲು ಓದುವುದೇ ಇಲ್ಲ.

ಇನ್ನು "ದಂಡ ಕಟ್ಟಿ ಆಯ್ತಲ್ಲ" ಎಂಬ ಮಾವನ ಮಾತು. ಕರೆಂಟು ಬಿಲ್ಲು ಕಟ್ಟಿ ರಶೀದಿ ಹರಿದು ಹಾಕಿದ ಹಾಗೆ ಎಂದು ನಮ್ಮಲ್ಲಿ ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. ಕೋರ್ಟಿನಲ್ಲಿ ತಪ್ಪು ಒಪ್ಪಿ ದಂಡ ಕಟ್ಟುವುದು ಎಂದರೆ ಕಾನೂನಿನ ಕಣ್ಣಿನಲ್ಲಿ ಶಿಕ್ಷೆಯಾದಂತೆಯೇ. ಮಾದಕ ವಸ್ತುಗಳ ಕಾಯಿದೆ ಬಂದದ್ದು 1985ರಲ್ಲಿ. ಅದರ 27ನೆಯ ಕಲಮಿನ ಪ್ರಕಾರ ಗಾಂಜಾದಂಥದನ್ನು ಸೇವಿಸಿದ್ದಕ್ಕೆ ಆರು ತಿಂಗಳವರೆಗೆ ಸೆರೆ, ಇಲ್ಲವೇ 10,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಕೊಕೇನು, ಹೆರಾಯಿನ್ನಿನಂಥವಾದರೆ ಒಂದು ವರ್ಷದವರೆಗೆ ಸೆರೆ, 20,000ದವರೆಗೆ ದಂಡ. ದಂಡ ಕಟ್ಟಿ ಹೊರಗೆ ಬಂದ ಹುಡುಗನ ಹೆಸರು ಠಾಣೆಯ ದಾಖಲೆಯಲ್ಲಿಯೂ ಕೋರ್ಟಿನ ದಾಖಲೆಯಲ್ಲಿಯೂ ಇದ್ದೇ ಇರುತ್ತದೆ. ಒಂದು ಕಾಲದಲ್ಲಿ ಉಡುಪಿಯ ಕೇಸು ಕಾರವಾರದವರಿಗೆ ತಿಳಿಯದೆ ಹೋಗುತ್ತಿತ್ತೋ ಏನೋ. ಈಗ ದೇಶದ ಠಾಣೆಗಳನ್ನು ಕಂಪ್ಯೂಟರಿನಲ್ಲಿ ಒಂದಕ್ಕೊಂದು ಜೋಡಿಸಿದ್ದಾರೆ, ಕೋರ್ಟಿನ ಕೇಸುಗಳನ್ನು ಮನೆಯಲ್ಲಿ ಕೂತು ಫೋನಿನಲ್ಲಿ ಹುಡುಕಬಹುದು. "ಯಾರ್ ಕಾಂತ್ರ್?" ಎಂದರೆ, ಎಲ್ಲರೂ ಕಾಣುತ್ತಾರೆ. ಸ್ಟೇಶನ್ನಿನ ಗುರುತಿನವರ ವಿಷಯವನ್ನಂತೂ ಬಾಯಲ್ಲಿ ಆಡಲೂ ಬೇಡಿ. ಅದು ಮಾಣಿಯ ಹಳೆಯ ಸಣ್ಣ ಕೇಸಿನ ಪಕ್ಕಕ್ಕೆ ಮಾವನದೊಂದು ಹೊಸ ಕೇಸು ತಂದಿಡುವ ದಾರಿ.

ಹಾಗಾದರೆ ಹೇಳಿದರೆ ಕೆಲಸ ಸಿಕ್ಕೇ ಸಿಗುತ್ತದೆಯೇ? ಹಾಗೆಂದು ನಿಮಗೆ ಸುಳ್ಳು ಸಮಾಧಾನ ಹೇಳಲಾರೆ. ಸುಪ್ರೀಂ ಕೋರ್ಟಿನ ಮೂರು ತೀರ್ಪುಗಳನ್ನು ಕೇಳಿ.

ದೆಹಲಿಯ ಒಬ್ಬ ಯುವಕ 1999ರಲ್ಲಿ ಪೊಲೀಸ್ ಇಲಾಖೆಯ ಕಚೇರಿ ಕೆಲಸಕ್ಕೆ, ಹೆಡ್ ಕಾನ್‌ಸ್ಟೆಬಲ್ ಹುದ್ದೆಗೆ, ಅರ್ಜಿ ಹಾಕಿದ. ಅವನಿಗೆ ಇಪ್ಪತ್ತರ ಆಸುಪಾಸಿನಲ್ಲಿ ಮನೆಯ ಬಾಡಿಗೆದಾರನ ಜೊತೆ ಹೊಡೆದಾಟವಾಗಿ ಕೇಸಾಗಿತ್ತು, ರಾಜಿಯಾಗಿ ಮುಗಿದಿತ್ತು. ಅರ್ಜಿಯಲ್ಲಿ ಅದನ್ನು ಬರೆಯಲಿಲ್ಲ. ಆರಿಸಿ ಬಂದ ಮೇಲೆ 2001ರಲ್ಲಿ ಅಟೆಸ್ಟೇಶನ್ ಫಾರಂ ತುಂಬುವಾಗ ತಾನಾಗಿಯೇ ಬರೆದ. ಮೊದಲು ಮುಚ್ಚಿಟ್ಟೆಯಲ್ಲ ಎಂದು ಇಲಾಖೆ 2003ರಲ್ಲಿ ಅವನನ್ನು ಕೈಬಿಟ್ಟಿತು. ಕೇಸು ಮೇಲೆ ಮೇಲೆ ಹೋಗಿ, 2011ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟು ಹುಡುಗನ ಪರವಾಗಿ ಹೇಳಿತು. ಹರೆಯದಲ್ಲಿ ಹುಡುಗರು ತಪ್ಪು ಮಾಡುವುದುಂಟು, ಅಂಥವನ್ನು ಹಿರಿಯರು ಕ್ಷಮಿಸುವುದೂ ಉಂಟು, ಜೀವಮಾನವಿಡೀ ಹಣೆಪಟ್ಟಿ ಹಚ್ಚಬಾರದು ಎಂಬುದು ಅದರ ತಾತ್ಪರ್ಯ. ಹಸಿದ ಮನೆಯವರಿಗಾಗಿ ಒಂದು ರೊಟ್ಟಿ ಕದ್ದು ಜೀವನವಿಡೀ ಕಳ್ಳ ಎನಿಸಿಕೊಂಡ ಫ್ರೆಂಚ್ ಕಾದಂಬರಿಯ ಜಾನ್ ವಾಲ್‌ಜಾನ್ ಎಂಬವನ ಕಥೆಯನ್ನೂ ನ್ಯಾಯಾಧೀಶರು ತೀರ್ಪಿನಲ್ಲಿ ನೆನೆದಿದ್ದರು. ನೋಡಿ, 1999ರ ಅರ್ಜಿಗೆ 2011ರಲ್ಲಿ ನ್ಯಾಯ. ಗೆದ್ದ, ನಿಜ. ಆದರೆ ಮೊದಲ ಅರ್ಜಿಯಲ್ಲಿಯೇ ಬರೆದಿದ್ದರೆ "ಮುಚ್ಚಿಟ್ಟೆ" ಎಂಬ ಮಾತಿಗೆ ಎಡೆಯೇ ಇರುತ್ತಿರಲಿಲ್ಲ.

ಎರಡನೆಯದು ಕಹಿಯಾದದ್ದು. 2013ರಲ್ಲಿ ಅದೇ ದೆಹಲಿ ಪೊಲೀಸ್ ಇಲಾಖೆಯ ಇನ್ನೊಂದು ಪ್ರಕರಣ. ಅಭ್ಯರ್ಥಿ ಹಳೆಯ ಹಲ್ಲೆಯ ಕೇಸನ್ನು ಮುಚ್ಚಿಡದೆ ಹೇಳಿದ್ದ, ಕೇಸಿನಿಂದ ಬಿಡುಗಡೆಯೂ ಆಗಿತ್ತು. ಆದರೂ ಇಲಾಖೆ ಬೇಡ ಎಂದಿತು. ಪೊಲೀಸಿನಂಥ ಕೆಲಸಕ್ಕೆ ನಡತೆ ಬಹಳ ಚೊಕ್ಕವಾಗಿರಬೇಕು ಎಂದು ಸುಪ್ರೀಂ ಕೋರ್ಟೂ ಇಲಾಖೆಯ ಮಾತನ್ನೇ ಎತ್ತಿಹಿಡಿಯಿತು. ಆದ್ದರಿಂದ ಸಮವಸ್ತ್ರದ ನೌಕರಿಗಳಲ್ಲಿ ಜರಡಿ ಸಣ್ಣದು ಎಂದು ತಿಳಿದಿರಿ.

ಮೂರನೆಯದೇ ಈಗ ಎಲ್ಲರೂ ಹಿಡಿದು ನಡೆಯುವಂಥದು. 2016ರ ಜುಲೈ 21ರಂದು ಮೂವರು ನ್ಯಾಯಾಧೀಶರು ಅವತಾರ್ ಸಿಂಗ್ ಪ್ರಕರಣದಲ್ಲಿ ಹಿಂದಿನ ಗೊಂದಲಗಳನ್ನೆಲ್ಲ ಬಿಡಿಸಿ ಹೇಳಿದರು. ಕೇಳಿದ ಮಾಹಿತಿಯನ್ನು ನಿಜವಾಗಿ ಕೊಡಲೇಬೇಕು. ಎಳೆ ವಯಸ್ಸಿನಲ್ಲಿ ಘೋಷಣೆ ಕೂಗಿದ್ದು ಮುಂತಾದ ಚಿಲ್ಲರೆ ಪ್ರಕರಣವಾದರೆ, ಮುಚ್ಚಿಟ್ಟಿದ್ದರೂ ಕೆಲಸ ಕೊಡುವವರು ಬಯಸಿದರೆ ಮನ್ನಿಸಬಹುದು. ಗಂಭೀರವಾದದ್ದನ್ನು ಮುಚ್ಚಿಟ್ಟಿದ್ದರೆ ತೆಗೆದುಹಾಕಬಹುದು. ನಿಜ ಹೇಳಿದವನನ್ನೂ ಸಂಸ್ಥೆ ತೂಗಿ ನೋಡಬಹುದು, ತೆಗೆದುಕೊಳ್ಳಲೇಬೇಕು ಎಂಬ ಒತ್ತಾಯವಿಲ್ಲ. ಇನ್ನೊಂದು ಮಾತು ನಮ್ಮಂಥವರಿಗೆ ಬಹಳ ಮುಖ್ಯ: ಫಾರಮ್ಮಿನಲ್ಲಿ ಏನನ್ನು ಸ್ಪಷ್ಟವಾಗಿ ಕೇಳಿದೆಯೋ ಅದಕ್ಕೆ ಮಾತ್ರ ಉತ್ತರ ಕೊಡಬೇಕಾದದ್ದು. ಕೇಳದೆ ಇದ್ದದ್ದನ್ನು ಹೇಳಲಿಲ್ಲ ಎಂದು ಯಾರನ್ನೂ ತಪ್ಪಿತಸ್ಥ ಮಾಡುವಂತಿಲ್ಲ. ಹಾಸ್ಟೆಲಿನ ವಾರ್ಡನ್ ಕರೆದು ಬೈದದ್ದು, ಮನೆಯಲ್ಲಿ ಅಪ್ಪನ ಪೆಟ್ಟಿಗೆಯಿಂದ ದುಡ್ಡು ಕದ್ದದ್ದು, ಇವನ್ನೆಲ್ಲ ಕಣ್ಣೀರು ಹಾಕಿಕೊಂಡು ಬರೆಯಬೇಕಾಗಿಲ್ಲ. ಆದರೆ ಬೈಂದೂರಿನ ಮಾಣಿಯ ಎರಡು ಸಂಗತಿಗಳೂ, ಕಾಲೇಜಿನಿಂದ ಹೊರಹಾಕಿದ್ದು, ಕೋರ್ಟಿನ ದಂಡ, ಎರಡೂ ಕೇಳಿದ ಪ್ರಶ್ನೆಯ ಒಳಗೇ ಬರುತ್ತವೆ. ತಪ್ಪಿಸಿಕೊಳ್ಳುವ ಸಂದಿಯಿಲ್ಲ.

ಅಮೆರಿಕದಲ್ಲಿರುವ ನನ್ನ ಸ್ನೇಹಿತೆಯೊಬ್ಬಳು (ಅವಳ ತವರು ಕೋಟೇಶ್ವರ) ಹೇಳುವಂತೆ ಅಲ್ಲಿ ಇನ್ನೂ ಬಿಗಿ. ಅಲ್ಲಿ ಹುಟ್ಟಿ ಬೆಳೆದ ನಮ್ಮವರ ಮಕ್ಕಳು ರಕ್ಷಣಾ ಇಲಾಖೆಗೆ ಸಂಬಂಧಪಟ್ಟ ಕೆಲಸಕ್ಕೆ ಹೋದರೆ ಎಸ್‌ಎಫ್-86 ಎಂಬ ದೊಡ್ಡ ಫಾರಂ ತುಂಬಬೇಕಾಗಿ ಬರುತ್ತಿತ್ತು. ನಮ್ಮ ಫಾರಂ ಸಿಕ್ಕಿಬಿದ್ದದ್ದನ್ನು ಕೇಳುತ್ತದೆ. ಅದು ಸಿಕ್ಕಿಬೀಳದಿದ್ದರೂ ಕಳೆದ ಏಳು ವರ್ಷದಲ್ಲಿ ಮಾದಕ ವಸ್ತು ಮುಟ್ಟಿದ್ದೀಯಾ ಎಂದೇ ಕೇಳುತ್ತಿತ್ತು. ಆದರೆ ಹೌದು ಎಂದವರನ್ನೆಲ್ಲ ಅಲ್ಲಿ ಓಡಿಸುವುದಿಲ್ಲ. 2017ರಿಂದ ಜಾರಿಯಲ್ಲಿರುವ ಅವರ ನಿಯಮಾವಳಿಯಲ್ಲಿ 13 ವಿಷಯಗಳನ್ನು ಇಟ್ಟು ತೂಗುತ್ತಾರೆ. ಎಷ್ಟು ಕಾಲವಾಯಿತು, ಒಂದೆರಡು ಸಲವೋ ಚಟವೋ, ಆ ಸಹವಾಸ ಬಿಟ್ಟಿದ್ದಾನೋ, ಚಿಕಿತ್ಸೆ ಪಡೆದನೋ, ಮುಂದೆ ಮುಟ್ಟುವುದಿಲ್ಲ ಎಂದು ಸಹಿ ಮಾಡುತ್ತಾನೋ ಎಂದೆಲ್ಲ ನೋಡಿ, ಕೊನೆಗೆ ಇಡೀ ಮನುಷ್ಯನನ್ನು ನೋಡುತ್ತಾರೆ. ಫಾರಮ್ಮಿನಲ್ಲಿ ಬೇಕೆಂದೇ ಸುಳ್ಳು ಹೇಳಿದರೆ ಮಾತ್ರ ಅದೇ ಪ್ರತ್ಯೇಕ ಅಪರಾಧ.

ಸರಕಾರಕ್ಕೆ ಯಾಕಪ್ಪ ಒಬ್ಬ ಹುಡುಗನ ಹಳೆ ಸಂಗತಿಯ ಉಸಾಬರಿ ಎಂದು ನಿಮಗನ್ನಿಸಬಹುದು. ನಮ್ಮ ಕರಾವಳಿಯವರಿಗೆ ಇದನ್ನು ದೂರದ ಉದಾಹರಣೆ ಕೊಟ್ಟು ಹೇಳಬೇಕಾಗಿಲ್ಲ. ಮೇಲೆ ಕಾರವಾರದಲ್ಲಿ ನೌಕಾನೆಲೆ, ಕೈಗಾದಲ್ಲಿ ಅಣುವಿದ್ಯುತ್ ಸ್ಥಾವರ, ಕೆಳಗೆ ಮಲ್ಪೆಯಲ್ಲಿ ಹಡಗು ಕಟ್ಟುವ ಘಟಕ, ಮಂಗಳೂರಿನಲ್ಲಿ ಬಂದರು, ವಿಮಾನ ನಿಲ್ದಾಣ. 2025ರ ನವೆಂಬರಿನಲ್ಲಿ ಮಲ್ಪೆಯಲ್ಲಿ ಗುತ್ತಿಗೆ ಸಂಸ್ಥೆಯ ಮೂಲಕ ಕೆಲಸಕ್ಕೆ ಸೇರಿದ್ದ ಇಬ್ಬರನ್ನು, ಹಡಗುಗಳ ಗುಟ್ಟಿನ ಮಾಹಿತಿಯನ್ನು ಪಾಕಿಸ್ತಾನಕ್ಕೆ ಕಳಿಸಿದ ಆರೋಪದ ಮೇಲೆ ಪೊಲೀಸರು ಹಿಡಿದರು. ಇಂಥ ಜಾಗದಲ್ಲಿ ಕೆಲಸ ಮಾಡುವವನಲ್ಲಿ ಸರಕಾರ ಹೆದರುವುದು ಅವನು 19ರಲ್ಲಿ ಏನು ಸೇದಿದ ಎಂಬುದಕ್ಕಲ್ಲ. ಅವನ ಜುಟ್ಟು ಯಾರ ಕೈಯಲ್ಲಿದೆ ಎಂಬುದಕ್ಕೆ.

ಈಗ ಆ ತಾಯಿಯ ಕಾಗದದ ಒಂದು ಸಾಲನ್ನು ಮತ್ತೆ ಓದಿ. ಗೆಳೆಯನೊಬ್ಬ ಆಗಾಗ ಬಂದು ಐನೂರು ಸಾವಿರ ಕೇಳುತ್ತಾನೆ, ಇಲ್ಲ ಎನ್ನಲು ಹೆದರಿಕೆ. ತಂಗೀ, ನೀವು ಇದನ್ನು ನಡುವೆ ಹೇಳಿ ಮುಂದೆ ಹೋಗಿದ್ದೀರಿ. ನನಗೆ ಮಾತ್ರ ಇಡೀ ಕಾಗದದಲ್ಲಿ ಇದೇ ಕಣ್ಣಿಗೆ ಚುಚ್ಚಿತು. ಇವತ್ತು ಹಾಲಿನ ದುಡ್ಡಿನಲ್ಲಿ ಐನೂರು ಹೋಗುತ್ತಿದೆ. ನಾಳೆ ಮಾಣಿ "ಇಲ್ಲ" ಎಂದು ಬರೆದು ಗೇಟಿನ ಒಳಗೆ ಹೋದರೆ, ಆ ಗೆಳೆಯನ ಬಾಯಿಗೆ ಬೆಲೆ ಎಷ್ಟಾದೀತು? ಆವಾಗ ಅವನು ಕೇಳುವುದು ದುಡ್ಡೇ ಎಂದು ಏನು ಖಾತ್ರಿ? ಮಾಣಿ ಫಾರಮ್ಮಿನಲ್ಲಿ ಬರೆದುಬಿಟ್ಟರೆ ಅವನ ಹತ್ತಿರ ಮಾರಲು ಏನೂ ಉಳಿಯುವುದಿಲ್ಲ. ಮುಂದಿನ ಸಲ ಬಂದಾಗ ಚಾ ಕೊಡಿ, ದುಡ್ಡು ಕೊಡಬೇಡಿ.

ಇನ್ನು ಮನೆಯವರ ವಿಷಯ. ನಾಲ್ಕು ವರ್ಷ ಈ ಭಾರ ಒಬ್ಬರೇ ಹೊತ್ತಿದ್ದೀರಿ. ಗಂಡ ದೂರದಲ್ಲಿ ದುಡಿಯುತ್ತಾರೆ, ಹಬ್ಬಕ್ಕೆ ಬಂದ ನಾಲ್ಕು ದಿನ ಮನಸ್ಸು ಕೆಡಿಸುವುದು ಬೇಡ ಎಂದು ನಮ್ಮ ಕಡೆಯ ಎಷ್ಟೋ ಹೆಂಗಸರು ಹೀಗೇ ನುಂಗಿಕೊಂಡು ಬರುತ್ತಾರೆ. ನಾನು ನಿಮ್ಮನ್ನು ದೂರುವುದಿಲ್ಲ. ಆದರೆ ವೆರಿಫಿಕೇಶನ್ನಿಗೆ ಪೊಲೀಸರು ಮನೆಗೆ ಬರಬಹುದು, ಅಕ್ಕಪಕ್ಕದಲ್ಲಿ ಕೇಳಬಹುದು. ಯಜಮಾನರಿಗೆ ಅದು ಬೇರೆ ಯಾರದೋ ಬಾಯಿಂದ, ಹೋಟೆಲಿನ ಗಲ್ಲದ ಮುಂದೆ ನಿಂತಿರುವಾಗ ತಿಳಿದರೆ? ಫಾರಂ ಹೋಗುವ ಮೊದಲು ಅವರಿಗೆ ಹೇಳಿ. ಮಾಣಿಯೂ ಎದುರಿಗಿರಲಿ.

ಈ ಪ್ರಶ್ನೆಯೂ ಬಂದೇ ಬರುತ್ತದೆ: ಊರಿಗೆಲ್ಲ ಗೊತ್ತಾದರೆ ನಾಳೆ ಹೆಣ್ಣು ಕೊಡುವವರು ಯಾರು? ಫಾರಮ್ಮಿನಲ್ಲಿ ಬರೆದದ್ದು ಸಂತೆಯಲ್ಲಿ ಡಂಗುರ ಸಾರಿದಂತಲ್ಲ, ಅದು ಕಚೇರಿಯ ಕಡತದಲ್ಲಿ ಇರುವಂಥದು. ಪೊಲೀಸರು ಬಂದರೆ ಅಂಗಳದಲ್ಲಿ ನಿಲ್ಲಿಸದೆ ಒಳಗೆ ಕರೆದು ಕೂರಿಸಿ, ಕೇಳಿದ್ದಕ್ಕೆ ಉತ್ತರ ಕೊಡಿ, ಕಾಗದ ತೋರಿಸಿ. ಕವರು ಕೊಡಲು ಹೋಗಬೇಡಿ. ಹೆಣ್ಣಿನ ಕಡೆಯವರಿಗೆ ಹೇಳುವ ದಿನ ಬಂದಾಗ ಅದನ್ನೂ ಮಾಣಿಯೇ ಹೇಳಲಿ. ನಮ್ಮಲ್ಲಿ ಒಂದು ವಿಚಿತ್ರ ನೋಡಿ. ಧರ್ಮಸ್ಥಳದವರ ಮದ್ಯವರ್ಜನ ಶಿಬಿರಕ್ಕೆ ಹೋಗಿ ಕುಡಿತ ಬಿಟ್ಟು ಬಂದವರಿಗೆ ನವಜೀವನ ಸದಸ್ಯರು ಎಂದು ಹೆಸರು ಕೊಟ್ಟು ನಾವೇ ಚಪ್ಪಾಳೆ ತಟ್ಟುತ್ತೇವೆ. ಗಾಂಜಾ ಬಿಟ್ಟ ಹುಡುಗನಿಗೆ ಮಾತ್ರ ಬಾಯಿ ಮುಚ್ಚಿಕೊಂಡಿರು ಎನ್ನುತ್ತೇವೆ.

ಬರೆಯುವುದು ಹೇಗೆ? ಕಾಲಮ್ಮಿನಲ್ಲಿ "ಹೌದು, ವಿವರ ಲಗತ್ತಿಸಿದೆ" ಎಂದು ಬರೆದು ಬೇರೆ ಹಾಳೆ ಜೋಡಿಸಬೇಕು. ಈ ತಾಯಿ ತಾವೇ ಒಂದು ಕರಡು ಬರೆದು ಕಳಿಸಿದ್ದರು. ಮಗ ಸಜ್ಜನ, ಗೆಳೆಯರು ಕೆಡಿಸಿದರು, ಜಾತಕದಲ್ಲಿ ಆಗ ಶನಿ ಇತ್ತು ಎಂದು ಎರಡು ಪುಟ! ಓದಿ ನಗುವೂ ಬಂತು, ಕಣ್ಣಲ್ಲಿ ನೀರೂ ಬಂತು. ಅದನ್ನು ಒಲೆಗೆ ಹಾಕಿ ಎಂದು ಬರೆದೆ. ಹುಡುಗನೇ, ತನ್ನ ಕೈಯಿಂದಲೇ, ಅರ್ಧ ಪುಟದಲ್ಲಿ ಬರೆಯಲಿ. ಯಾವ ದಿನ, ಯಾವ ಠಾಣೆ, ಕೇಸಿನ ನಂಬರು, ಯಾವ ಕಲಮು, ಯಾವ ಕೋರ್ಟು, ಎಷ್ಟು ದಂಡ, ಕಟ್ಟಿದ್ದು ಎಂದು. ಕಾಲೇಜಿನವರು ಹೊರಗೆ ಹಾಕಿದ್ದು ಯಾವ ತಾರೀಕಿನಿಂದ ಯಾವ ತಾರೀಕಿನವರೆಗೆ, ಯಾಕೆ, ಮತ್ತೆ ಯಾವಾಗ ಸೇರಿಸಿಕೊಂಡರು ಎಂದು. ತಪ್ಪು ನನ್ನದು, ಅನಂತರ ಮುಟ್ಟಿಲ್ಲ ಎಂದು ಎರಡು ಸಾಲು. ಗೆಳೆಯರನ್ನು ದೂರುವುದು ಬೇಡ. ಕೋರ್ಟಿನಿಂದ ತೀರ್ಪಿನ ದೃಢೀಕೃತ ನಕಲನ್ನು, ದಂಡದ ರಶೀದಿಯನ್ನು, ಕಾಲೇಜಿನ ಆದೇಶದ ಪ್ರತಿಯನ್ನು ಜೋಡಿಸಲಿ. ನಕಲು ಸಿಗಲು ದಿನ ಹಿಡಿಯುತ್ತದೆ, ಹಾಗಾಗಿ ಅರ್ಜಿಯನ್ನು ಮೊದಲೇ ಹಾಕಿ. ನಾಲ್ಕು ವರ್ಷದಲ್ಲಿ ಎಲ್ಲಾದರೂ ಕೆಲಸ ಮಾಡಿದ್ದರೆ ಅಲ್ಲಿಯ ಪತ್ರ, ವೈದ್ಯರನ್ನು ಕಂಡಿದ್ದರೆ ಅವರ ಪತ್ರ, ಇವು ಬಹಳ ಸಹಾಯ. ಕಳಿಸುವ ಮೊದಲು ಎಲ್ಲದರ ಪ್ರತಿ ಮನೆಯಲ್ಲಿ ಇಟ್ಟುಕೊಳ್ಳಿ. ಬಹಳ ಮಂದಿ ಇದನ್ನೇ ಮರೆಯುತ್ತಾರೆ.

ವಕೀಲರ ಫೀಸಿಗೆ ಮತ್ತೆ ಬಳೆ ಬಿಚ್ಚಬೇಡಿ. ಕೋರ್ಟಿನ ಆವರಣದಲ್ಲಿಯೇ ಕಾನೂನು ಸೇವಾ ಸಮಿತಿ ಇರುತ್ತದೆ. 1987ರ ಕಾನೂನು ಸೇವೆಗಳ ಕಾಯಿದೆಯಂತೆ ಹೆಂಗಸರಿಗೆ ವರಮಾನ ಎಷ್ಟೇ ಇದ್ದರೂ ಉಚಿತ ಕಾನೂನು ನೆರವು ಉಂಟು. ಮಗನ ಕಾಗದ ಹಿಡಿದು ನೀವೇ ಹೋಗಿ ಕೇಳಿದರೆ ದಾರಿ ಹೇಳುತ್ತಾರೆ. 15100 ನಂಬರಿಗೆ ಫೋನು ಮಾಡಿಯೂ ಕೇಳಬಹುದು. ನಿಜ ಹೇಳಿದ ಮೇಲೂ ಕೆಲಸ ಇಲ್ಲ ಎಂದರೆ ಕಾರಣವನ್ನು ಬರಹದಲ್ಲಿ ಕೇಳಿ, ಪ್ರಶ್ನಿಸಲು ಅವಕಾಶವಿದೆ. ಸುಳ್ಳು ಬರೆದು ಸಿಕ್ಕಿಬಿದ್ದವನಿಗೆ ಆ ಬಾಗಿಲು ಬಹಳ ಇಕ್ಕಟ್ಟು.

ಇದೆಲ್ಲ ಬಿಟ್ಟ ಹುಡುಗನ ಮಾತಾಯಿತು. ಮನೆಯಲ್ಲಿ ಇನ್ನೂ ಸೇದುತ್ತಿರುವವನಿದ್ದರೆ ಫಾರಮ್ಮಿನ ಯೋಚನೆ ಆಮೇಲೆ, ಮೊದಲು ಚಿಕಿತ್ಸೆ. ಆ 1985ರ ಕಾಯಿದೆಯಲ್ಲಿಯೇ 64-ಎ ಎಂಬ ಕಲಮು ಇದೆ. ಸೇವನೆಯ ಅಥವಾ ಸಣ್ಣ ಪ್ರಮಾಣದ ಆರೋಪ ಹೊತ್ತ ವ್ಯಸನಿ ತಾನಾಗಿ ಸರಕಾರಿ ಅಥವಾ ಸರಕಾರ ಮಾನ್ಯ ಮಾಡಿದ ಕಡೆ ಚಿಕಿತ್ಸೆಗೆ ಹೋದರೆ ಅವನ ಮೇಲೆ ಮೊಕದ್ದಮೆ ನಡೆಸುವುದಿಲ್ಲ. ಚಿಕಿತ್ಸೆ ಅರ್ಧಕ್ಕೆ ಬಿಟ್ಟರೆ ಈ ರಕ್ಷಣೆ ಹೋಗಬಹುದು. ಶಿಕ್ಷೆಯಾದ ಮೇಲೂ 39ನೆಯ ಕಲಮಿನಂತೆ ಕೋರ್ಟು ಸೆರೆಯ ಬದಲು ಚಿಕಿತ್ಸೆಗೆ ಕಳಿಸಲು ಸಾಧ್ಯ. ಇದು ನಮ್ಮಲ್ಲಿ ಎಷ್ಟೋ ಜನಕ್ಕೆ ಗೊತ್ತೇ ಇಲ್ಲ. ವಕೀಲರನ್ನು ಬಾಯಿಬಿಟ್ಟು ಕೇಳಿ. ಉಡುಪಿಯ ದೊಡ್ಡಣಗುಡ್ಡೆಯ ಡಾ. ಎ. ವಿ. ಬಾಳಿಗಾ ಸ್ಮಾರಕ ಆಸ್ಪತ್ರೆಯಲ್ಲಿ, ಬೆಂಗಳೂರಿನ ನಿಮ್ಹಾನ್ಸಿನಲ್ಲಿ ಚಟ ಬಿಡಿಸುವ ಚಿಕಿತ್ಸೆ ಇದೆ. 14446 ಎಂಬುದು ಇದಕ್ಕೆಂದೇ ಇರುವ ಸರಕಾರದ ಉಚಿತ ಫೋನು.

ಇದೇ ಹೊತ್ತಿಗೆ ಬಂದ ಇನ್ನೆರಡು ಕಾಗದಗಳಿಗೂ ಇಲ್ಲಿಯೇ ಚುಟುಕಾಗಿ ಉತ್ತರ.

ಬ್ರಹ್ಮಾವರದ ಸೋದರಿ, ನಿಮ್ಮ ತಮ್ಮ ಸಿಕ್ಕಿಬಿದ್ದಾಗ ಅವನಿಗೆ 17 ಎಂದು ಬರೆದಿದ್ದೀರಿ. ಹಾಗಿದ್ದರೆ ಲೆಕ್ಕ ಬೇರೆ. 18 ತುಂಬದವರ ವಿಷಯ ಬಾಲನ್ಯಾಯ ಮಂಡಳಿಗೆ ಹೋಗುತ್ತದೆ. 2015ರ ಬಾಲನ್ಯಾಯ ಕಾಯಿದೆಯ 24ನೆಯ ಕಲಮಿನಂತೆ ಆ ತಪ್ಪಿನಿಂದ ಮುಂದಕ್ಕೆ ಅನರ್ಹತೆ ಅಂಟಿಕೊಳ್ಳುವುದಿಲ್ಲ. ಕಾಲ ಕಳೆದ ಮೇಲೆ ದಾಖಲೆಯನ್ನೇ ನಾಶಮಾಡಬೇಕು ಎಂದೂ ಇದೆ. 16 ದಾಟಿದವರನ್ನು ಘೋರ ಅಪರಾಧಕ್ಕಾಗಿ ದೊಡ್ಡವರಂತೆ ವಿಚಾರಿಸಿದ್ದರೆ ಮಾತ್ರ ಹಾಗಲ್ಲ, ನಿಮ್ಮದು ಅಂಥದಲ್ಲ. ಕೈಗಾರಿಕಾ ಭದ್ರತಾ ಪಡೆಗೆ ಆರಿಸಿ ಬಂದ ಒಬ್ಬನನ್ನು ಬಾಲ್ಯದ ಕೇಸಿನ ನೆಪದಲ್ಲಿ ಕೈಬಿಟ್ಟದ್ದನ್ನು 2019ರಲ್ಲಿ ಸುಪ್ರೀಂ ಕೋರ್ಟು ಒಪ್ಪಲಿಲ್ಲ. ಫಾರಂ ತುಂಬುವ ಮೊದಲು ಮಂಡಳಿಯ ಆದೇಶದ ಪ್ರತಿಯನ್ನು ವಕೀಲರಿಗೆ ತೋರಿಸಿ.

ಕುಂದಾಪುರದ ಓದುಗರೊಬ್ಬರ ಮಗ ಗಲ್ಫಿಗೆ ಹೊರಟಿದ್ದಾನೆ, ಕೇಸು ಇನ್ನೂ ಕೋರ್ಟಿನಲ್ಲಿದೆ, ಪಾಸ್‌ಪೋರ್ಟ್ ಅರ್ಜಿಯಲ್ಲಿ ಹೇಳಬೇಕೇ ಎಂದು ಕೇಳಿದ್ದಾರೆ. ಹೇಳಲೇಬೇಕು. 1967ರ ಪಾಸ್‌ಪೋರ್ಟ್ ಕಾಯಿದೆಯಂತೆ ಕೇಸು ನಡೆಯುತ್ತಿರುವವರಿಗೆ ಪಾಸ್‌ಪೋರ್ಟ್ ನಿರಾಕರಿಸಬಹುದು. ಆದರೆ 1993ರ ಅಧಿಸೂಚನೆಯಂತೆ ಅದೇ ಕೋರ್ಟಿನಿಂದ ಅನುಮತಿ ತಂದರೆ ಕೊಡುತ್ತಾರೆ. ಮುಚ್ಚಿಟ್ಟು ಪಡೆದರೆ ಎರಡು ವರ್ಷದವರೆಗೆ ಸೆರೆಯಾಗುವ ಇನ್ನೊಂದು ಅಪರಾಧವಾಗುತ್ತದೆ. ಗಲ್ಫಿನ ದೇಶಗಳು ಈ ವಿಷಯದಲ್ಲಿ ಎಷ್ಟು ಕಠಿಣವೆಂಬುದನ್ನು ಅಲ್ಲಿದ್ದು ಬಂದವರಿಂದ ಮಗನ ಕಿವಿಗೆ ಬೀಳುವಂತೆ ಮಾಡಿ.

ಈ ಅಂಕಣ ಅಚ್ಚಿಗೆ ಹೋಗುವ ಮುಂಚೆ ಬೈಂದೂರಿನಿಂದ ಇನ್ನೊಂದು ಕಾಗದ ಬಂತು. ಈ ಸಲ ಗೆರೆ ಎಳೆದಿರಲಿಲ್ಲ. ತಾಯಿ ಮಗ ಇಬ್ಬರೂ ಕೂತು ರಾತ್ರಿ ಬೆಂಗಳೂರಿಗೆ ಫೋನು ಮಾಡಿದರಂತೆ. ಮಾಣಿಯೇ ಅಪ್ಪಯ್ಯನಿಗೆ ಎಲ್ಲ ಹೇಳಿದನಂತೆ. ಆ ಕಡೆಯಿಂದ ಬಹಳ ಹೊತ್ತು ಮಾತೇ ಇಲ್ಲ. ಹೋಟೆಲಿನಲ್ಲಿ ಲೋಟ ತೊಳೆಯುವ ಸದ್ದು ಮಾತ್ರ ಕೇಳುತ್ತಿತ್ತಂತೆ. ಆಮೇಲೆ ಯಜಮಾನರು ಕೇಳಿದ್ದು ಒಂದೇ ಮಾತು: "ಅಮ್ಮನ ಬಳೆ ಬಿಡಿಸಿ ಆಯ್ತಾ?"

ಫಾರಂ ಹೋಗಿದೆ, ಹಾಳೆ ಜೋಡಿಸಿ. ಉತ್ತರ ಇನ್ನೂ ಬಂದಿಲ್ಲ.